ಮುಂಬಯಿಯ ಹೋಟೆಲುಗಳೂ ನಮ್ಮ ಊರಿನ ಹುಡುಗರೂ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮುಂಬಯಿಯನ್ನು ಕಾಣದವರು ಇರಬಹುದು, ಆದರೆ ಮುಂಬಯಿಯ ಹಣ ಕಾಣದ ಮನೆ ಅಪರೂಪ. ಒಂದು ತಲೆಮಾರಿನಲ್ಲಿ ಒಬ್ಬನಾದರೂ ಅಲ್ಲಿಯ ಹೋಟೆಲಿನಲ್ಲಿ ಗ್ಲಾಸು ತೊಳೆದಿರುತ್ತಾನೆ. ನಮ್ಮ ಮನೆಯಲ್ಲಿ ಅದು ನನ್ನ ಸೋದರಮಾವ.

2003ರಲ್ಲಿ ಒಂದು ಉದ್ಯೋಗದ ಸಂದರ್ಶನಕ್ಕಾಗಿ ನಾನು ಮೊದಲ ಸಲ ಮುಂಬಯಿಗೆ ಹೊರಟಾಗ ಮಾವ ಒಂದು ಚೀಟಿ ಬರೆದುಕೊಟ್ಟರು. "ಹೊಸ ಊರಿನಲ್ಲಿ ಹಸಿದುಕೊಂಡು ತಿರುಗಬೇಡ ಮಾರಾಯ. ಎಲ್ಲಿ ಎಂತದ್ದು ತಿನ್ನಬೇಕು ಎಂದು ಬರೆದಿದ್ದೇನೆ" ಎಂದರು. ಬೆಳಗ್ಗೆ ಧೋಬಿ ತಲಾವಿನ ಇರಾನಿ, ಮಧ್ಯಾಹ್ನ ಮಾಟುಂಗದ ಊಟ, ಸಂಜೆ ಚೌಪಾಟಿಯ ಭೇಲ್, ರಾತ್ರಿ ಫೋರ್ಟಿನಲ್ಲಿ ಮೀನು. ಕೊನೆಯ ಸಾಲು: "ಪರ್ಮಿಟ್ ರೂಮ್ ಎಂದು ಬೋರ್ಡು ಕಂಡರೆ ದಾಟಿ ಮುಂದೆ ಹೋಗು." ಆ ಉದ್ಯೋಗ ನನಗೆ ಸಿಗಲಿಲ್ಲ. ಚೀಟಿ ಮಾತ್ರ ಇಂದಿಗೂ ನನ್ನಲ್ಲಿದೆ. ಒಂದು ಮಹಾನಗರದ ಚರಿತ್ರೆಯನ್ನು ಆ ಐದು ಸಾಲುಗಳಿಂದಲೇ ಹೇಳಬಹುದೆಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಮೊದಲನೆಯದು ಇರಾನಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತನೆಯದರ ಆರಂಭದಲ್ಲೂ ಇರಾನಿನ ಯಜ್ದ್ ಮತ್ತು ಕೆರ್ಮಾನ್ ಕಡೆಯಿಂದ ಬಂದ ಜರತುಷ್ಟ್ರ ಮತದವರು ಈ ಚಹಾದಂಗಡಿಗಳನ್ನು ತೆರೆದರು. ಮೂಲೆಯ ಕಟ್ಟಡ ಅಶುಭವೆಂದು ಹಿಂದೂ ವ್ಯಾಪಾರಿಗಳು ಬಿಟ್ಟದ್ದರಿಂದ ಇವರಿಗೆ ಎರಡು ಬೀದಿಗೆ ಮುಖವಿರುವ ಜಾಗಗಳು ಸಿಕ್ಕವು ಎಂದು ಹೇಳುವುದುಂಟು. ಧೋಬಿ ತಲಾವಿನ ಕಯಾನಿ 1904ರದ್ದು. ಗ್ರಾಂಟ್ ರೋಡ್ ಸ್ಟೇಶನಿನ ಬಳಿಯ ಮೆರ್ವಾನ್ 1914ರದ್ದು, ಅದರ ಮಾವಾ ಕೇಕು ಬೆಳಗ್ಗೆಯೇ ಮುಗಿದುಹೋಗುತ್ತಿತ್ತು. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು, ಅಲ್ಲಿ ಇರಾನಿನ ಹುಳಿ ಹಣ್ಣು ಹಾಕಿದ ಬೆರಿ ಪುಲಾವ್ ಹೆಸರುವಾಸಿ.

ಇರಾನಿಯಲ್ಲಿ ಒಂದು ಬನ್ ಮಸ್ಕಾ, ಒಂದು ಚಹಾ ತೆಗೆದುಕೊಂಡರೆ ಪೇಪರು ಓದಿ ಮುಗಿಸುವಷ್ಟು ಹೊತ್ತು ಕೂರಬಹುದಾಗಿತ್ತು. ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತರೂ ಕೇಳುವವರಿಲ್ಲ. ಇದು ಸಣ್ಣ ಮಾತಲ್ಲ. ದಕ್ಷಿಣದ ಎಷ್ಟೋ ಹೋಟೆಲುಗಳಲ್ಲಿ ಆಗ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು. ಮದರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಬೋರ್ಡಿನಲ್ಲಿದ್ದ 'ಬ್ರಾಹ್ಮಣ' ಎಂಬ ಪದ ತೆಗೆಯಬೇಕೆಂದು ಪೆರಿಯಾರರ ಅನುಯಾಯಿಗಳು 1957ರಲ್ಲಿ ಚಳವಳಿ ಮಾಡಬೇಕಾಯಿತು. ಮಾವ ಹೇಳುತ್ತಿದ್ದರು: "ಊರಿನಲ್ಲಿ ನಮ್ಮನ್ನು ಜಗಲಿಯಲ್ಲಿ ನಿಲ್ಲಿಸುತ್ತಿದ್ದರು. ಅಮೃತಶಿಲೆಯ ಮೇಜಿಗೆ ಕೈಯೂರಿ ನಾನು ಮೊದಲು ಕೂತದ್ದು ಇರಾನಿಯಲ್ಲೇ." ಅದಕ್ಕೇ ಅವರ ಚೀಟಿಯಲ್ಲಿ ಇರಾನಿಗೆ ಮೊದಲ ಸ್ಥಾನ.

ಚೀಟಿಯಲ್ಲಿ ಕಯಾನಿಯ ಎದುರಿನ ಬಸ್ತಾನಿಯ ಹೆಸರೂ ಇತ್ತು. ನಾನು ಅಲ್ಲಿ ಕೂತು ಚಹಾ ಕುಡಿದೆ. ಮರುವರ್ಷ, 2004ರಲ್ಲಿ, ಅದು ಮುಚ್ಚಿತು.

ಎರಡನೆಯದು ಮಾಟುಂಗ. ಇಲ್ಲಿಗೆ ಬಂದರೆ ನಮ್ಮವರ ಕಥೆಯೇ ಶುರುವಾಗುತ್ತದೆ. ಉಡುಪಿಯ ಮಠಗಳ ಅಡುಗೆಮನೆಯಲ್ಲಿ ಸಾವಿರಾರು ಜನರಿಗೆ ಬೇಯಿಸಿ ಬಡಿಸುವ ವಿದ್ಯೆ ಮೊದಲೇ ಇತ್ತು. 1923ರ ಮಹಾನೆರೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಎಷ್ಟೋ ಕುಟುಂಬಗಳು ಗದ್ದೆ ಮನೆ ಕಳೆದುಕೊಂಡವು. ಆ ಕಾಲದಲ್ಲಿ ಸೌಟು ಹಿಡಿಯಬಲ್ಲವರು ಮದರಾಸು, ಬೆಂಗಳೂರು, ಮುಂಬಯಿ ಎಂದು ಚದುರಿದರು. ಮದರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಕಿಂಗ್ಸ್ ಸರ್ಕಲಿನಲ್ಲಿ 1936ರಲ್ಲಿ ಕೆಫೆ ಮೈಸೂರು, 1940ರಲ್ಲಿ ಕೆಫೆ ಮದ್ರಾಸ್ ಬಂದವು. ಮಾಟುಂಗ ಸ್ಟೇಶನಿನ ಎದುರು 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಅಲ್ಲಿ ಇಂದಿಗೂ ಬಾಳೆಲೆಯ ಊಟವಿದೆ. ಮಹಡಿ ಮೆಟ್ಟಲಲ್ಲಿ ಸಾಲು ನಿಂತು, ಸಾರು ಅನ್ನಕ್ಕೆ ಕೈ ಹಾಕಿದಾಗ ನನಗೆ ಮದುವೆ ಮನೆಯ ಪಂಕ್ತಿಯಲ್ಲೇ ಕೂತಂತಾಯಿತು.

ಈ ಹೋಟೆಲುಗಳು ನಡೆದ ಬಗೆಯನ್ನು ಮಾವ ಹೇಳಿದಂತೆ ಹೇಳುತ್ತೇನೆ. ಅವರು 1962ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಬಸ್ಸು ಹತ್ತಿದವರು. ಕೊಂಕಣ ರೈಲು ಪೂರ್ತಿ ಆದದ್ದು 1998ರಲ್ಲಿ. ಪರೇಲಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಹತ್ತು ವರ್ಷ ಕಳೆದ ಮೇಲೆ ಗಲ್ಲೆಯ ಮೇಲೆ. ಮಲಗುವುದು ಅದೇ ಮೇಜುಗಳ ಮೇಲೆ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು. ಇರಾನಿಯಲ್ಲಿ ಗಿರಾಕಿ ಕೂರುತ್ತಾನೆ, ಉಡುಪಿಯಲ್ಲಿ ಗಿರಾಕಿ ಏಳುತ್ತಾನೆ ಎಂಬುದು ಅವರ ಲೆಕ್ಕ. ಇಡ್ಲಿ ಬಂದ ಕೂಡಲೇ ಬಿಲ್ಲೂ ಬರಬೇಕು, ತಟ್ಟೆ ಎತ್ತುವಾಗಲೇ ಮುಂದಿನವ ಕೂರಬೇಕು. ಬೆಲೆ ಕಡಮೆ, ಆದ್ದರಿಂದ ಲಾಭವೆಲ್ಲ ಒಂದು ಕುರ್ಚಿಯಲ್ಲಿ ದಿನಕ್ಕೆ ಎಷ್ಟು ಜನ ಕೂತೆದ್ದರು ಎಂಬುದರಲ್ಲಿ. ಬ್ಯಾಂಕಿನವನಾದ ನನಗೆ ಈ ಲೆಕ್ಕ ಬಲು ಹಿಡಿಸಿತು.

ಆದರೆ ಮಾವ ಮುಂಬಯಿಯಿಂದ ತಂದ ದೊಡ್ಡ ಗಳಿಕೆ ಹಣವಲ್ಲ, ಅಕ್ಷರ. ಊರಿನಲ್ಲಿ ಅವರು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತ್ತು. ಕನ್ನಡ ಓದಿ ಇಲ್ಲಿ ಎಂತ ಕೆಲಸ ಸಿಕ್ಕೀತು ಎಂದು ಅಜ್ಜ ಲೆಕ್ಕ ಹಾಕಿದ್ದರು. ಮುಂಬಯಿಯಲ್ಲಿ ನಮ್ಮ ಕರಾವಳಿಯ ಸಮಾಜಗಳು ಹೋಟೆಲ್ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸುತ್ತಿದ್ದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯದ್ದು ಒಂದು, ಬಿಲ್ಲವರ ಅಸೋಸಿಯೇಶನಿನ ಗುರುನಾರಾಯಣ ರಾತ್ರಿ ಶಾಲೆ ಇನ್ನೊಂದು. ಹಗಲು ತಟ್ಟೆ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕನ್ನಡದಲ್ಲಿ ಲೆಕ್ಕ, ಚರಿತ್ರೆ ಕಲಿತರು. ಅವರಲ್ಲಿ ವಕೀಲರಾದವರು, ಬ್ಯಾಂಕು ಸೇರಿದವರು, ಲೇಖಕರಾದವರು ಇದ್ದಾರೆ. ಕಾಸರಗೋಡಿನಲ್ಲಿ ಕೈಬಿಟ್ಟ ಕನ್ನಡವನ್ನು ನನ್ನ ಮಾವ ಪರೇಲಿನಿಂದ ನಡೆದು ಹೋಗಿ ಮತ್ತೆ ಹಿಡಿದರು. ಎಸ್ಸೆಸ್ಸೆಲ್ಸಿ ಮುಗಿಸುವಾಗ ಅವರಿಗೆ ಇಪ್ಪತ್ತು ವರ್ಷ. ಚೀಟಿಯ ಆ ದುಂಡು ಅಕ್ಷರ ಅಲ್ಲಿಯದು.

ಆ ವರ್ಷಗಳು ಸುಲಭದ್ದಾಗಿರಲಿಲ್ಲ. 1966ರಲ್ಲಿ ಸ್ಥಾಪನೆಯಾದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆಸಿತು. ಉಡುಪಿ ಹೋಟೆಲುಗಳು ಅದರ ಸಿಟ್ಟಿಗೆ ಗುರಿಯಾದವು. ವಡಾ ಪಾವ್ ಆ ಕಾಲದಲ್ಲೇ ದಾದರ್ ಸ್ಟೇಶನಿನ ಹೊರಗೆ ಹುಟ್ಟಿತೆಂದು ಹೇಳುತ್ತಾರೆ. ಇಡ್ಲಿ ದೋಸೆಗೆ ಎದುರಾಗಿ ಅದನ್ನು ಮರಾಠಿ ತಿಂಡಿಯೆಂದು ಮೆರೆಸಿದ್ದೂ ಉಂಟು. "ಊರಿನಲ್ಲಿ ನಾವು ಕನ್ನಡದವರು, ಬೊಂಬಾಯಿಯಲ್ಲಿ ಮದ್ರಾಸಿಗಳು. ಎಲ್ಲಿ ಹೋದರೂ ಸ್ವಲ್ಪ ಬದಿಗೆ ಸರಿದು ಕೂರಬೇಕು" ಎನ್ನುತ್ತಿದ್ದರು ಮಾವ. ಆದರೆ ಕೂಡಲೇ ಇನ್ನೊಂದು ಮಾತೂ ಹೇಳುತ್ತಿದ್ದರು: ಬಾಗಿಲು ಅರ್ಧ ಎಳೆದು ವ್ಯಾಪಾರ ಮಾಡಿದ ಆ ದಿನಗಳಲ್ಲಿ ಗಿರಣಿಯ ಮರಾಠಿ ಕಾರ್ಮಿಕನೊಬ್ಬ ಪಾಳಿ ಮುಗಿಸಿ ಬಂದು, ಹೋಟೆಲು ಮುಚ್ಚುವ ತನಕ ಬಾಗಿಲ ಬಳಿಯ ಮೇಜಿನಲ್ಲೇ ಕೂರುತ್ತಿದ್ದನಂತೆ. ಕೇಳಿದರೆ, ನನ್ನ ಚಹಾ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದನಂತೆ.

ಚೌಪಾಟಿಯ ಭೇಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತಿಂದವರಿಗೆ ಗೊತ್ತು. ವಾರದ ಅರ್ಧ ದಿನದ ರಜೆಯಲ್ಲಿ ಕೈಯಲ್ಲಿ ನಾಲ್ಕಾಣೆ ಇದ್ದವರಿಗೂ ಸಮುದ್ರವಿತ್ತು. ಮಾಟುಂಗದ ಅರೋರಾ ಟಾಕೀಸಿನಲ್ಲಿ ತಮಿಳು ಸಿನೆಮಾ ಇತ್ತು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದರಂತೂ ಹೋಟೆಲಿನ ಹುಡುಗರು ರಾತ್ರಿಯಿಡೀ ಆಟ ನೋಡಿ ಬೆಳಗ್ಗೆ ನಿದ್ದೆಗಣ್ಣಿನಲ್ಲೇ ಇಡ್ಲಿ ಬಡಿಸುತ್ತಿದ್ದರು. ಪಾರ್ತಿಸುಬ್ಬನ ಕುಂಬಳೆಯ ಕಡೆಯವರಿಗೆ ಅದನ್ನು ವಿವರಿಸುವುದು ಬೇಡ.

ಫೋರ್ಟಿನ ಲಂಚ್ ಹೋಮುಗಳು, ಪರ್ಮಿಟ್ ರೂಮುಗಳು ಒಂದೇ ಕಥೆಯ ಎರಡು ಭಾಗ. ಮೊದಲಿನದು ಕಚೇರಿ ಗುಮಾಸ್ತರಿಗೆ ಮಂಗಳೂರು ಕಡೆಯ ಮೀನು ಗಸಿ, ಅನ್ನ ಕೊಟ್ಟಿತು. ಎರಡನೆಯದು 1949ರ ಮುಂಬಯಿ ಪಾನನಿರೋಧ ಕಾಯಿದೆಯ ಕೂಸು. 1960ರ ದಶಕದಲ್ಲಿ ಬಿಗಿ ಸಡಿಲವಾಯಿತು, ಆದರೆ ಕುಡಿಯುವವನಿಗೆ ಪರವಾನಿಗೆ ಬೇಕೆಂಬ ಕಾನೂನು ಉಳಿಯಿತು, ಹೆಸರೂ ಉಳಿಯಿತು. ಇಡ್ಲಿಯಲ್ಲಿ ಲಾಭ ತೆಳುವಾದಂತೆ ನಮ್ಮ ಕಡೆಯ ಮಾಲಕರಲ್ಲಿ ಎಷ್ಟೋ ಮಂದಿ ಆ ದಾರಿ ಹಿಡಿದರು. ಅದನ್ನು ಹಳಿಯಲು ನಾನು ಬರೆಯುತ್ತಿಲ್ಲ. ಅನೇಕ ಮನೆಗಳ ಮದುವೆ, ಓದು ಅದರಿಂದಲೇ ನಡೆದಿದೆ.

ಮಾವನ ಹೋಟೆಲನ್ನು ಮುಗಿಸಿದ್ದು ಗಿರಣಿ ಮುಷ್ಕರ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಹೆಚ್ಚಿನವರು ಮತ್ತೆ ಒಳಗೆ ಹೋಗಲಿಲ್ಲ. ಪಾಳಿಯ ಭೋಂಗಾ ನಿಂತರೆ ಪರೇಲಿನಲ್ಲಿ ಚಹಾ ಕುಡಿಯುವವರು ಯಾರು? ಸಾಲದ ಪುಸ್ತಕದಲ್ಲಿ ಮರಾಠಿ ಹೆಸರುಗಳು ಬೆಳೆದವು. 1984ರಲ್ಲಿ ಮಾವ ಆ ಪುಸ್ತಕವನ್ನು ಹರಿದು ಹಾಕಿ ಊರಿಗೆ ಬಂದರು. ಅದೇ ವರ್ಷ ಕಾಸರಗೋಡು ಜಿಲ್ಲೆಯಾಯಿತು.

2019ರಲ್ಲಿ ನಾನು ಮತ್ತೊಮ್ಮೆ ಮುಂಬಯಿಗೆ ಹೋದಾಗ ಚೀಟಿ ಜೇಬಿನಲ್ಲಿತ್ತು. ಕಯಾನಿ ಇತ್ತು, ರಾಮ ನಾಯಕರ ಎಲೆಯೂಟ ಇತ್ತು. ಮಾಟುಂಗದ ಒಂದು ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗನನ್ನು ತುಳುವಿನಲ್ಲಿ ಮಾತಾಡಿಸಿದೆ. ಅವನು ನಕ್ಕು ಹಿಂದಿಯಲ್ಲಿ, ತನ್ನದು ಒಡಿಶಾ ಎಂದ. ಊರಿಗೆ ಬಂದು ಹೇಳಿದಾಗ ಮಾವ ದೋಸೆ ಹೇಗಿತ್ತೆಂದು ಕೇಳಲಿಲ್ಲ. "ಆ ಹುಡುಗರಿಗೆ ರಾತ್ರಿ ಯಾರಾದರೂ ಓದು ಕಲಿಸುತ್ತಾರೋ?" ಎಂದು ಕೇಳಿದರು. ನಾನು ವಿಚಾರಿಸಿರಲಿಲ್ಲ.

ಈಗ ನಮ್ಮ ಕಾಸರಗೋಡಿನ ಹೋಟೆಲುಗಳಲ್ಲಿಯೂ ಬಂಗಾಳ, ಅಸ್ಸಾಮಿನ ಹುಡುಗರಿದ್ದಾರೆ. ಶನಿವಾರ ನನ್ನ ಕೌಂಟರಿಗೆ ಹಣ ಕಳಿಸಲು ಬರುತ್ತಾರೆ. 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ನಮ್ಮ ಮಕ್ಕಳ ಕನ್ನಡಕ್ಕಾಗಿ ನಾವು ಮೆರವಣಿಗೆ ಹೋದೆವು, ಅದು ಸರಿಯೇ. ಆದರೆ ಈ ಹುಡುಗರ ಚಲನ್ನನ್ನು ಬೇಗ ಬೇಗ ನಾನೇ ತುಂಬಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆ. ಮಾವನ ಆ ಪ್ರಶ್ನೆಯ ನಂತರ, ಸಾಲು ಚಿಕ್ಕದಿರುವ ದಿನ, ಒಂದು ಖಾಲಿ ಚಲನ್ ಕೊಟ್ಟು ಅವರ ಹೆಸರನ್ನು ಅವರಿಗೆ ಬಂದ ಅಕ್ಷರದಲ್ಲಿ ಬರೆಯಲು ಹೇಳುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.