ಅಂಗಮಾರಿ, ಮೈಲುತುತ್ತ, ಸುಗಂಧ ತೈಲ: ಅರ್ಧ ಎಕರೆ ಕಳ್ಕೊಂಡ ಮೇಲೆ ಕಲಿತ ಇತಿಹಾಸ

ಬರಹ ಸ್ವಲ್ಪ ಉದ್ದ ಐತೆ, ಪುರುಸೊತ್ತಾದಾಗ ಓದ್ರಿ.

ದಾವಣಗೆರೆ ಬೆಣ್ಣೆ ದೋಸೆ ಅಂತ ಊರೂರಲ್ಲಿ ಹೇಳ್ಕೊಂಡು ತಿರುಗ್ತೀವಿ. ಅದರ ಜೊತೆ ಕೊಡೋ ಆಲೂಗಡ್ಡೆ ಪಲ್ಯ ಮಾತ್ರ ಹೊರಗಿಂದ ಲಾರೀಲಿ ಬಂದದ್ದು. ಹರಿಹರದ ಈ ಕಡೆ ಭದ್ರಾ ನಾಲೆ, ಭತ್ತ. ಆಲೂಗಡ್ಡೆ ತಂಪು ಕೇಳೋ ಬೆಳೆ. ಆದ್ರೂ ಹೋದ ಹಿಂಗಾರಿಗೆ ಅರ್ಧ ಎಕರೆ ಹಾಕಿ ನೋಡಿದೆ. ನವೆಂಬರ್‌ನಲ್ಲಿ ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡೀತು. ಎಲೆ ಅಂಚಿಗೆ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ, ಬೆಳಗ್ಗೆ ಎಲೆ ತಿರುವಿದ್ರೆ ಕೆಳಗೆ ಬಿಳಿ ಬೂಸ್ಟು. ಅದೇ ಅಂಗಮಾರಿ. "ಸುಗಂಧ ತೈಲ, ವಿಷ ಇಲ್ಲ" ಅಂತ ಒಂದು ಅಂಗಡೀಲಿ ಕೊಟ್ಟ ಬಾಟಲಿ ತಂದು ಹೊಡೆದೆ. ಮೂರನೇ ದಿನಕ್ಕೆ ಎಲೆ ಸುಟ್ಟಂಗಾಯ್ತು, ರೋಗ ನಿಲ್ಲಲಿಲ್ಲ. ಬೀಜದ ದುಡ್ಡೂ ಹುಟ್ಟಲಿಲ್ಲ. ಯಾಕೆ ಹಿಂಗಾಯ್ತು ಅಂತ ಹುಡುಕ್ತಾ ಹೋದ್ರೆ ಒಂದು ದೊಡ್ಡ ಕಥೇನೇ ಸಿಕ್ತು.

1845ರಲ್ಲಿ ಇದೇ ರೋಗ ಐರ್ಲೆಂಡ್ ದೇಶದ ಆಲೂಗಡ್ಡೆಗೆ ಬಿತ್ತು. ಮುಂದಿನ ವರ್ಷಗಳ ಹಸಿವು, ಕಾಯಿಲೆಯಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷದಷ್ಟು ಜನ ದೇಶ ಬಿಟ್ಟರು. ಆಗ ಯಾರ ಹತ್ರಾನೂ ಔಷಧಿ ಇರಲಿಲ್ಲ. 1876ರಲ್ಲಿ ಜರ್ಮನಿಯ ಡಿ ಬ್ಯಾರಿ ಎಂಬ ವಿಜ್ಞಾನಿ ಈ ರೋಗಾಣುವಿಗೆ ಫೈಟಾಫ್ತೊರಾ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಗಿಡ ಹಾಳುಮಾಡೋದು ಅಂತ ಅರ್ಥ. ಔಷಧಿ ಸಿಕ್ಕಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ಅಲ್ಲಿ ದಾರಿ ಪಕ್ಕದ ದ್ರಾಕ್ಷಿಯನ್ನ ಯಾರೂ ಕಿತ್ತು ತಿನ್ನಬಾರದು ಅಂತ ಮೈಲುತುತ್ತ ಮತ್ತು ಸುಣ್ಣ ಬಳಿಯೋರು. ಬಳಿದ ಬಳ್ಳಿಗೆ ರೋಗ ಕಮ್ಮಿ ಇದ್ದದ್ದನ್ನ ಮಿಲ್ಲಾರ್ಡೆ ಎಂಬುವರು ಗಮನಿಸಿ, 1885ರಲ್ಲಿ ಅದನ್ನ ಪ್ರಕಟಿಸಿದರು. ಅದೇ ನಮ್ಮ ಬೋರ್ಡೋ ದ್ರಾವಣ.

ಅದು ನಮ್ಮ ನಾಡಿಗೆ ಬಂದದ್ದು ಆಲೂಗಡ್ಡೆಗಿಂತ ಹೆಚ್ಚಾಗಿ ಅಡಿಕೆಯ ದಾರೀಲಿ. ಮಲೆನಾಡಿನ ಕೊಳೆರೋಗವೂ ಫೈಟಾಫ್ತೊರಾ ವಂಶದ್ದೇ. ಮೊದಲೆಲ್ಲಾ ಗೊನೆ ನೆನೆಯದಂಗೆ ಕೊಟ್ಟೆ ಕಟ್ಟೋರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು. ಅವರು ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ವರದಿ ಬರೆದರು, ಬೋರ್ಡೋ ಹೊಡೆಯೋದನ್ನ ತೋಟಗಳಿಗೆ ತಂದರು. ಮಳೆಗೆ ತೊಳೆದು ಹೋಗದಂಗೆ ಅಂಟು ಬೆರೆಸೋ ವಿಷಯಕ್ಕೂ ತಲೆ ಕೆಡಿಸ್ಕೊಂಡರು. ಚನ್ನಗಿರಿ ಕಡೆ ಅಡಿಕೆ ಇರೋರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹಂಗಾದ್ರೆ ಎಣ್ಣೆ ಕಡೆ ಯಾಕೆ ತಿರುಗಿದರು? ಹಾಸನ ನೋಡ್ರಿ. ಜಲಂಧರದ ಬೀಜ ತಂದು ಮುಂಗಾರಿಗೆ ಬಿತ್ತೋ ದೊಡ್ಡ ಸೀಮೆ ಅದು. ಈ 20 ವರ್ಷದಲ್ಲಿ ಅಂಗಮಾರಿ ಹೊಡೆತಕ್ಕೆ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಜೋಳ, ಶುಂಠಿ ಹಿಡಿದರು. ಮೆಟಲಾಕ್ಸಿಲ್ ಔಷಧಿಗೆ ಬಗ್ಗದ ಹೊಸ ತಳಿಯ ರೋಗಾಣು ದಕ್ಷಿಣ ಭಾರತದ ಟೊಮ್ಯಾಟೊದಲ್ಲೂ ಹಬ್ಬಿದ್ದನ್ನ ಬೆಂಗಳೂರಿನ ವಿಜ್ಞಾನಿಗಳು 2013ರಲ್ಲಿ ಬರೆದಿದ್ದಾರೆ. ಹೊಡೆದ ಔಷಧಿ ಹಿಡೀದಿದ್ದಾಗ ಜನ ಬೇರೆ ದಾರಿ ಹುಡುಕೋದು ಸಹಜ.

ಇಲ್ಲೊಂದು ವಿಷಯ ನಂಗೆ ಗೊತ್ತಿರಲಿಲ್ಲ. ಬೇವು, ಹೊಂಗೆ ಎಣ್ಣೆ ಗಾಣದಲ್ಲಿ ಹಿಂಡೋವು. ಸುಗಂಧ ತೈಲ ಭಟ್ಟಿ ಇಳಿಸೋದು, ಗಾಳಿಗೆ ಹಾರಿ ಹೋಗುತ್ತೆ. ಓಮದ ಥೈಮಾಲ್, ಲವಂಗದ ಯೂಜಿನಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ರೋಗಾಣುವಿನ ಜೀವಕೋಶದ ಪೊರೆ ಒಡೀತಾವೆ. ಪ್ರಯೋಗಾಲಯದ ಮುಚ್ಚಿದ ತಟ್ಟೆಯಲ್ಲಿ ಇದು ನಿಜ. ಬಯಲಲ್ಲಿ ಗಾಳಿ, ಬಿಸಿಲಿಗೆ ಬೇಗ ಹೋಗುತ್ತೆ. ಜಾಸ್ತಿ ಹಾಕಿದ್ರೆ ಗಿಡದ ಪೊರೇನೂ ಒಡೆಯುತ್ತೆ. ನನ್ನ ಹೊಲದಲ್ಲಿ ಆದದ್ದು ಇದೇ.

ಅದಕ್ಕೇ ಈ ಎಣ್ಣೆ ಗೆದ್ದಿರೋದು ಹೊಲದಲ್ಲಿ ಅಲ್ಲ, ಉಗ್ರಾಣದಲ್ಲಿ. ಆಲೂಗಡ್ಡೆಯ ತವರು ಆಂಡಿಸ್ ಬೆಟ್ಟದ ರೈತರು ಗಡ್ಡೆ ಜೊತೆ ಮುನ್ಯಾ ಅನ್ನೋ ಪುದೀನ ಜಾತಿ ಸೊಪ್ಪು ಇಡ್ತಾರೆ. ಮೊಳಕೆ ತಡೆಯೋ ಸಿಐಪಿಸಿ ರಾಸಾಯನಿಕವನ್ನ ಯುರೋಪಿನಲ್ಲಿ 2020ಕ್ಕೆ ನಿಲ್ಲಿಸಿದ ಮೇಲೆ ಪುದೀನ ಜಾತಿಯ ಎಣ್ಣೆಯ ಹೊಗೆ ಹಾಯಿಸ್ತಾರೆ. ನಮ್ಮ ದೇಶದಲ್ಲೂ ಗಡ್ಡೆ ಕೊರೆಯೋ ಪತಂಗದ ಹುಳಕ್ಕೆ ಒಣಗಿದ ಲಂಟಾನ ಇಲ್ಲಾ ನೀಲಗಿರಿ ಎಲೆ ಹೊದಿಸೋ ಪದ್ಧತಿ ಐತೆ. ಹರಿಹರದ ಸೇತುವೆ ಮೇಲೆ ಕುಮಾರಪಟ್ಟಣದ ಕಾರ್ಖಾನೆಗೆ ಹೋಗೋ ನೀಲಗಿರಿ ಲಾರಿ ನೋಡ್ತಾನೇ ಬೆಳೆದವನು ನಾನು. ಅದರ ಎಲೆಗೂ ಕೆಲಸ ಐತೆ ಅಂತ ಈಗ ತಿಳೀತು.

ಈ ಸಲ ನಾಲ್ಕು ಸಾಲಲ್ಲೇ ಹಾಕ್ತೀನಿ. ಬೀಜ ಆರಿಸಿ, ಏರು ಎತ್ತರಿಸಿ, ನೀರು ನಿಲ್ಲದಂಗೆ ಮಾಡಿ, ಮೋಡ ಕಂಡ ಕೂಡ್ಲೇ, ಮಚ್ಚೆ ಕಾಣೋಕೆ ಮುಂಚೆ ಶೇ. 1ರ ಬೋರ್ಡೋ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಾದ್ರೆ ಇನ್ನಷ್ಟು ಸುಣ್ಣ. ಎಣ್ಣೆ ಏನಿದ್ರೂ ಐದು ಗಿಡಕ್ಕೆ ಹೊಡೆದು ಮೂರು ದಿನ ಕಾದ ಮೇಲೇ.

ಯಾರಾದ್ರೂ ಮಜ್ಜಿಗೆ ಹುಲ್ಲಿನ ಎಣ್ಣೆ ಹೊಡೆದು ಎಲೆ ಸುಡದಂಗೆ ರೋಗ ತಡೆದಿದ್ರೆ, ಲೀಟರಿಗೆ ಎಷ್ಟು ಹಾಕಿದ್ರಿ, ಯಾವ ಹೊತ್ತಲ್ಲಿ ಹೊಡೆದ್ರಿ ಅಂತ ಹೇಳ್ರಿ. ಬಂದು ನಿಮ್ಮ ಹೊಲ ನೋಡ್ತೀನಿ.