ಕಾಯಿಲೆಯ ನಡುವೆಯೂ ಕುಂಚ ಬಿಡದ ಎದ್ವಾರ್ದೊ ರೊಸಾಲೆಸ್



ಸ್ಪೇನ್ ದೇಶದ ಚಿತ್ರಕಾರರೆಂದರೆ ನಮಗೆ ಗೊಯಾ, ಪಿಕಾಸೊ ಅವರ ಹೆಸರು ನೆನಪಾಗುತ್ತದೆ. ಅವರಿಬ್ಬರ ನಡುವಿನ ಕಾಲದಲ್ಲಿ ಬಾಳಿ, ಕೇವಲ 36ನೇ ವಯಸ್ಸಿಗೆ ತೀರಿಕೊಂಡ ಒಬ್ಬರನ್ನು ಈ ಸಲ ಪರಿಚಯಿಸುತ್ತಿದ್ದೇವೆ. ಅವರೇ ಎದ್ವಾರ್ದೊ ರೊಸಾಲೆಸ್.

ರೊಸಾಲೆಸ್ ಹುಟ್ಟಿದ್ದು 1836ರ ನವೆಂಬರ್ 4ರಂದು, ಮ್ಯಾಡ್ರಿಡ್ ನಗರದ ಸಾಧಾರಣ ಕುಟುಂಬದಲ್ಲಿ. ಸ್ಯಾನ್ ಫೆರ್ನಾಂದೊ ಕಲಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಹರೆಯದಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ಅದರ ಮೇಲೆ ಕ್ಷಯರೋಗ ಬೇರೆ. ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ಇಷ್ಟಾದರೂ 1857ರಲ್ಲಿ, ಸರ್ಕಾರದ ವಿದ್ಯಾರ್ಥಿವೇತನವಿಲ್ಲದೆ, ಗೆಳೆಯರ ಜೊತೆ ರೋಮ್ ನಗರಕ್ಕೆ ಹೊರಟರು. ಅಲ್ಲಿ ಕಾಯಿಲೆ ಹೆಚ್ಚಾದಾಗ ಸ್ಪೇನಿನವರ ಮೊನ್ಸೆರಾತ್ ಆಸ್ಪತ್ರೆಯೇ ಅವರಿಗೆ ಆಸರೆಯಾಯಿತು.

ಆ ದಿನಗಳಲ್ಲಿ ಅವರು ಕೈಗೆತ್ತಿಕೊಂಡ ಒಂದು ಚಿತ್ರ 'ತೋಬಿಯ ಮತ್ತು ದೇವದೂತ'. ಬೈಬಲಿನ ಆ ಕಥೆ ನಮಗೆ ಗೊತ್ತು: ಮನೆ ಬಿಟ್ಟು ದೂರದ ಊರಿಗೆ ಹೊರಟ ಯುವಕನಿಗೆ ದೇವದೂತ ರಫಾಯೆಲ್ ಗುರುತು ಹೇಳದೆ ಜೊತೆಯಾಗುತ್ತಾನೆ. ರಫಾಯೆಲ್ ಎಂದರೆ 'ದೇವರು ಗುಣಪಡಿಸುತ್ತಾರೆ' ಎಂದರ್ಥ. ಮನೆಯಿಂದ ದೂರವಿದ್ದ ಒಬ್ಬ ರೋಗಿ ಈ ಚಿತ್ರಕ್ಕೆ ಕೈ ಹಾಕಿದ್ದು ಮನ ಮುಟ್ಟುತ್ತದೆ. ಆ ಚಿತ್ರ ಪೂರ್ತಿಯಾಗಲೇ ಇಲ್ಲ.

ಅವರಿಗೆ ಹೆಸರು ತಂದದ್ದು 1864ರ 'ರಾಣಿ ಇಸಾಬೆಲ್ಲಾ ಉಯಿಲು ಬರೆಸುತ್ತಿರುವುದು'. ಸುಮಾರು 4 ಮೀಟರ್ ಅಗಲದ ಈ ಚಿತ್ರದಲ್ಲಿ ಸಾವಿನ ಹಾಸಿಗೆಯಲ್ಲಿರುವ ರಾಣಿ ಮಾತು ಹೇಳುತ್ತಿದ್ದಾರೆ, ಬರಹಗಾರ ಬರೆದುಕೊಳ್ಳುತ್ತಿದ್ದಾನೆ, ರಾಜ ಫೆರ್ನಾಂದೊ ತಲೆ ತಗ್ಗಿಸಿ ಕುಳಿತಿದ್ದಾರೆ. ಅಳು, ಗದ್ದಲ ಏನೂ ಇಲ್ಲ. ಬಿಳಿಯ ಹಾಸಿಗೆಯ ಬೆಳಕೇ ಕಣ್ಣು ಸೆಳೆಯುತ್ತದೆ. ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನದಲ್ಲಿ ಇದಕ್ಕೆ ಪ್ರಥಮ ದರ್ಜೆಯ ಪದಕ ಬಂತು. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕವೂ ದೊರೆಯಿತು.

ಆದರೆ ಚಿತ್ರದಲ್ಲಿರುವುದೆಲ್ಲ ಚರಿತ್ರೆ ಎಂದುಕೊಳ್ಳಬಾರದು. ರಾಜನ ಪಕ್ಕದಲ್ಲಿ ಕಾಣುವ ಮಗಳು ಹುವಾನಾ 1504ರ ಆ ದಿನಗಳಲ್ಲಿ ದೂರದ ಫ್ಲಾಂಡರ್ಸ್‌ನಲ್ಲಿದ್ದರು. ಅಲ್ಲದೆ, 1492ರಲ್ಲಿ ಯೆಹೂದ್ಯರನ್ನು ದೇಶದಿಂದ ಹೊರಹಾಕಿದ್ದೂ ಇದೇ ರಾಣಿಯ ಆಳ್ವಿಕೆ. ಸಾಯುವ ಮೂರು ದಿನ ಮೊದಲು ಉಯಿಲಿಗೆ ಸೇರಿಸಿದ ಪತ್ರದಲ್ಲಿ, ಹೊಸ ನಾಡುಗಳ ಮೂಲನಿವಾಸಿಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಿ ಎಂದು ರಾಣಿ ಕೇಳಿಕೊಂಡಿದ್ದರು. ಆ ಮಾತು ನಡೆಯಲಿಲ್ಲ ಎಂಬುದನ್ನು ಚರಿತ್ರೆ ಹೇಳುತ್ತದೆ. ಒಂದು ಸುಂದರ ಚಿತ್ರದ ಮುಂದೆ ನಿಂತಾಗಲೂ ನಾವು ಈ ಪ್ರಶ್ನೆಗಳನ್ನು ಕೇಳಬೇಕು.

1868ರಲ್ಲಿ ರೊಸಾಲೆಸ್ ಮಾಕ್ಸಿಮಿನಾ ಅವರನ್ನು ಮದುವೆಯಾದರು. ಹಿರಿಯ ಮಗಳು ಎಲೊಯಿಸಾ ಎಳೆಯ ವಯಸ್ಸಿನಲ್ಲೇ ತೀರಿಕೊಂಡಳು. 1871ರಲ್ಲಿ ಪ್ರದರ್ಶಿಸಿದ 'ಲುಕ್ರೇಸಿಯಾಳ ಸಾವು' ಚಿತ್ರಕ್ಕೆ ಪದಕವೇನೋ ಬಂತು, ಆದರೆ ಅದರ ದಪ್ಪ, ಬಿರುಸಾದ ಕುಂಚದ ಗೆರೆಗಳನ್ನು ನೋಡಿ 'ಇದು ಅರ್ಧಂಬರ್ಧ ಕೆಲಸ' ಎಂದು ಹಲವರು ಟೀಕಿಸಿದರು. ಇಂದು ಅದೇ ಬಿಡುಬೀಸಿನ ಕೈಯನ್ನು ಕಲೆ ಬಲ್ಲವರು ಮೆಚ್ಚುತ್ತಾರೆ.

ಕೊನೆಗಾಲದಲ್ಲಿ, ಮ್ಯಾಡ್ರಿಡ್‌ನ ಸಂತ ತೋಮಸರ ದೇವಾಲಯದ ಗುಮ್ಮಟಕ್ಕಾಗಿ ಶುಭಸಂದೇಶ ಬರೆದ ನಾಲ್ವರು ಸಂತರನ್ನು ಚಿತ್ರಿಸುವ ಕೆಲಸ ಅವರಿಗೆ ಬಂತು. ಸಂತ ಯೊವಾನ್ನ ಮತ್ತು ಸಂತ ಮತ್ತಾಯ, ಇವರಿಬ್ಬರನ್ನಷ್ಟೇ ಬರೆಯಲಾಯಿತು. ಅದೇ ವರ್ಷ ರೋಮಿನ ಸ್ಪ್ಯಾನಿಷ್ ಅಕಾಡೆಮಿಗೆ ಮೊದಲ ನಿರ್ದೇಶಕರಾಗಿ ಅವರನ್ನು ನೇಮಿಸಲಾಯಿತು. ಹಿಂದೆ ಬರಿಗೈಯಲ್ಲಿ ಹೋಗಿದ್ದ ಊರಿಗೆ ಈಗ ಗೌರವದ ಕರೆ! ಆದರೆ ಹೋಗಲು ಆಯುಸ್ಸಿರಲಿಲ್ಲ. 1873ರ ಸೆಪ್ಟೆಂಬರ್ 13ರಂದು ಅವರು ಕಣ್ಣು ಮುಚ್ಚಿದರು.

ನಮ್ಮ ನಡುವೆಯೂ ಕಾಯಿಲೆಯಿಂದ ಓದು ನಿಂತವರು, ಮನೆಯ ಕಷ್ಟದಿಂದ ಕನಸು ಮಡಚಿಟ್ಟವರು ಇದ್ದಾರೆ. ಛಲವಿದ್ದರೆ ಎಲ್ಲವೂ ಕೈಗೂಡುತ್ತದೆ ಎಂದು ಅವರಿಗೆ ಹೇಳಲು ರೊಸಾಲೆಸರ ಬಾಳು ನಮಗೆ ಅವಕಾಶ ಕೊಡುವುದಿಲ್ಲ. ಅವರಿಗೆ ಎಲ್ಲವೂ ಕೈಗೂಡಲಿಲ್ಲ. ನಾಲ್ವರು ಸಂತರಲ್ಲಿ ಇಬ್ಬರು ಉಳಿದೇಬಿಟ್ಟರು. ಆದರೆ ಬರೆದ ಆ ಇಬ್ಬರು ಇಂದಿಗೂ ಪ್ರಾದೊ ಸಂಗ್ರಹಾಲಯದಲ್ಲಿ ಇದ್ದಾರೆ. ಮುಗಿಸಲಾಗದೇನೋ ಎಂಬ ಅಂಜಿಕೆಯಿಂದ ಶುರುವನ್ನೇ ಮಾಡದೆ ಕುಳಿತಿರುವ ನಮಗೆ ಅಷ್ಟು ಸಾಕು.