ರಸ್ತೆಬದಿ ವಾಹನ ತಪಾಸಣೆ: ಸುರಕ್ಷತೆ

ಓಡುತ್ತಿರುವ ವಾಹನವನ್ನು ಪೊಲೀಸರು ರಸ್ತೆಯ ಅಂಚಿಗೆ ಕರೆದು ನಿಲ್ಲಿಸಿ, ಚಾಲಕರನ್ನು ಮಾತಾಡಿಸಿ, ದಾಖಲೆ ನೋಡಿ, ದಂಡ ಹಾಕಿಯೋ ಎಚ್ಚರಿಕೆ ಕೊಟ್ಟೋ ಕಳಿಸುವ ಕೆಲಸ ರಸ್ತೆಬದಿ ವಾಹನ ತಪಾಸಣೆ. ಕೆಲವೇ ನಿಮಿಷಗಳ ಈ ಕೆಲಸದಲ್ಲಿ ಮೂರು ಬಗೆಯ ಜನರ ಜೀವ ಪಣಕ್ಕೆ ಬೀಳುತ್ತದೆ: ನಿಂತು ಮಾತಾಡುವ ಪೊಲೀಸರು, ನಿಲ್ಲಿಸಿದ ವಾಹನದಲ್ಲಿರುವವರು, ಈ ಎರಡೂ ಕಡೆಯ ಗೊಡವೆಯಿಲ್ಲದೆ ಅದೇ ರಸ್ತೆಯಲ್ಲಿ ಹಾದುಹೋಗುವವರು. ಮೂವರನ್ನೂ ಕಾಯುವುದು ನಿಂತವರಿಗೂ ಓಡುವ ವಾಹನಗಳಿಗೂ ನಡುವೆ ಇರುವ ಖಾಲಿ ಜಾಗ. ಕಾನೂನು, ದೀಪ, ಜಾಕೆಟ್, ತರಬೇತಿ ಎಲ್ಲವೂ ಆ ಜಾಗವನ್ನು ಗಳಿಸಿಕೊಳ್ಳುವ ದಾರಿಗಳು. ಈ ವಿಷಯದಲ್ಲಿ ಕಾನೂನುಗಳೂ ನ್ಯಾಯಾಲಯದ ತೀರ್ಪುಗಳೂ ವಿಪುಲವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಅಲ್ಲಿಯದು. ಕರ್ನಾಟಕದ ಸಂಗತಿ ಕೊನೆಯ ಭಾಗದಲ್ಲಿದೆ.

ಅಪಾಯದ ಸ್ವರೂಪ

ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಮುಂದೆ ಏನೋ ನಿಂತಿದೆ ಎಂದು ಕಂಡು, ಅದು ನಿಂತಿದೆಯೇ ಚಲಿಸುತ್ತಿದೆಯೇ ಎಂದು ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎರಡೂವರೆ ಸೆಕೆಂಡ್ ಹಿಡಿಯಿತು ಎಂದುಕೊಂಡರೂ ಸುಮಾರು 70 ಮೀಟರ್ ಕಳೆದುಹೋಗಿರುತ್ತದೆ. ಬ್ರೇಕ್ ಹಿಡಿಯಲು ತೊಡಗುವುದು ಆ ಮೇಲೆ. ವೇಗವನ್ನು 60 ಕಿ.ಮೀ.ಗೆ ಇಳಿಸಿದವರ ವಾಹನದಲ್ಲಿ ಉಳಿಯುವ ಚಲನಶಕ್ತಿ ಮೊದಲಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ನಿಂತ ಪೊಲೀಸರನ್ನು ದಾಟುವಾಗ ವೇಗ ಇಳಿಸಿ ಎಂದು ಹೇಳುವ ಎಲ್ಲ ಕಾನೂನುಗಳ ಹಿಂದೆ ಇರುವುದು ಈ ಸರಳ ಲೆಕ್ಕ.

ಇನ್ನೊಂದು ತೊಡಕು ವಾಹನದ ರಚನೆಯಲ್ಲೇ ಇದೆ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಗಡೆ ಸಾಗುತ್ತವೆ, ಚಾಲಕ ಎಡಗಡೆ ಕೂರುತ್ತಾನೆ. ನಮ್ಮಲ್ಲಿ ಇದು ತಿರುಗುಮುರುಗು. ಆದರೆ ಎರಡೂ ಕಡೆ ಫಲ ಒಂದೇ: ಅಂಚಿನಲ್ಲಿ ನಿಂತ ಕಾರಿನ ಚಾಲಕನ ಕಿಟಕಿ ಓಡುವ ವಾಹನಗಳ ಕಡೆಗೇ ಇರುತ್ತದೆ. ಆ ಕಿಟಕಿಯ ಬಳಿ ನಿಂತು ಚಾಲಕನ ಕಡೆ ಬಾಗುವ ಪೊಲೀಸ್ ಅಧಿಕಾರಿಯ ಬೆನ್ನು ಸಂಚಾರದ ಕಡೆಗಿರುತ್ತದೆ. ಕಣ್ಣು ಕಾರಿನೊಳಗಿನ ಕೈಗಳ ಮೇಲಿದ್ದರೆ ಹಿಂದಿನಿಂದ ಬರುವುದು ಕಾಣದು; ಹಿಂದೆ ನೋಡಿದರೆ ಒಳಗೆ ಏನಾಗುತ್ತಿದೆ ಎಂಬುದು ತಿಳಿಯದು.

ತಡೆದು ನಿಲ್ಲಿಸುವ ಕ್ರಮ

1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ, ನಿಲ್ಲಿಸಿದ ಕಾರೊಂದರಲ್ಲಿದ್ದ ಇಬ್ಬರು ಕೆಲವೇ ನಿಮಿಷಗಳಲ್ಲಿ ಹೆದ್ದಾರಿ ಗಸ್ತು ಪಡೆಯ ನಾಲ್ವರು ಅಧಿಕಾರಿಗಳನ್ನು ಗುಂಡಿಕ್ಕಿ ಕೊಂದರು. ಆ ರಾಜ್ಯದ ತರಬೇತಿ ಅಲ್ಲಿಂದ ಬದಲಾಯಿತು. ಕಾರನ್ನು ಹೇಗೆ ಸಮೀಪಿಸಬೇಕು, ಇಬ್ಬರು ಅಧಿಕಾರಿಗಳು ಎಲ್ಲೆಲ್ಲಿ ನಿಲ್ಲಬೇಕು, ನೆರವು ಬರುವ ತನಕ ಏನು ಮಾಡಬಾರದು ಎಂಬುದನ್ನು ಹೊಸದಾಗಿ ಕಲಿಸತೊಡಗಿದರು. ಗುಂಡಿನ ಭಯದಿಂದ ಹುಟ್ಟಿದ ಈ ಶಿಸ್ತಿನ ಒಳಗೇ ಸಂಚಾರದ ಅಪಾಯವನ್ನು ತಗ್ಗಿಸುವ ಕ್ರಮಗಳೂ ನಿಧಾನವಾಗಿ ಸೇರಿಕೊಂಡವು.

ಇಂದಿನ ತರಬೇತಿಯಲ್ಲಿ ಮೊದಲ ಪಾಠ ಜಾಗದ ಆಯ್ಕೆ. ತಿರುವಿನ ಆಚೆ, ಏರು ಮುಗಿಯುವಲ್ಲಿ, ಸೇತುವೆಯ ಮೇಲೆ, ಅಂಚು ಕಿರಿದಾದ ಕಡೆ ನಿಲ್ಲಿಸಕೂಡದು. ತಪ್ಪು ಕಂಡ ಕೂಡಲೇ ದೀಪ ಹಚ್ಚಬೇಕಾಗಿಲ್ಲ; ಅಗಲವಾದ ಅಂಚು, ಹೆದ್ದಾರಿಯಿಂದ ಹೊರಹೋಗುವ ದಾರಿ, ಬೆಳಕಿರುವ ಪಾರ್ಕಿಂಗ್ ಜಾಗ ಸಿಗುವ ತನಕ ಹಿಂಬಾಲಿಸಿ ಅಲ್ಲಿ ನಿಲ್ಲಿಸಿದರೆ ಆಯಿತು. ಇಡೀ ವ್ಯವಸ್ಥೆಯಲ್ಲಿ ಒಂದು ಪೈಸೆ ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕ್ರಮ ಇದೇ.

ಆಮೇಲೆ ಗಸ್ತು ವಾಹನವನ್ನು ನಿಲ್ಲಿಸುವ ಬಗೆ. ಮುಂದಿನ ಕಾರಿನಿಂದ ಒಂದೆರಡು ಕಾರುಗಳಷ್ಟು ಉದ್ದ ಬಿಟ್ಟು, ಅದರ ನೇರಕ್ಕಲ್ಲದೆ ಸುಮಾರು ಒಂದು ಮೀಟರ್ ರಸ್ತೆಯ ಕಡೆಗೆ ಸರಿಸಿ ನಿಲ್ಲಿಸುತ್ತಾರೆ. ಆಗ ಗಸ್ತು ವಾಹನದ ಮುಂದುಗಡೆ, ಚಾಲಕನ ಕಿಟಕಿಯ ತನಕ, ಒಂದು ಕಿರಿದಾದ ಮರೆ ಉಂಟಾಗುತ್ತದೆ. ಮುಂದಿನ ಚಕ್ರಗಳನ್ನು ಒಂದು ಪಕ್ಕಕ್ಕೆ ತಿರುಗಿಸಿಡುವುದೂ ಅನೇಕ ಕಡೆ ರೂಢಿ. ಹಿಂದಿನಿಂದ ಯಾರಾದರೂ ಗುದ್ದಿದರೆ ವಾಹನ ಅಧಿಕಾರಿಯ ಮೇಲೆ ನುಗ್ಗದೆ ಆಚೆಗೆ ಸಾಗಲಿ ಎಂದು. ಎರಡು ವಾಹನಗಳ ನಡುವೆ ಮಾತ್ರ ಯಾರೂ ನಿಲ್ಲಬಾರದು. ಹಿಂದಿನದಕ್ಕೆ ಡಿಕ್ಕಿಯಾದರೆ ನಡುವೆ ಇದ್ದವರು ನಜ್ಜುಗುಜ್ಜಾಗುತ್ತಾರೆ.

ಪ್ರಯಾಣಿಕರ ಬದಿಯ ಕಿಟಕಿಯಿಂದ ಮಾತಾಡಿಸುವುದು ಈಗ ಅಲ್ಲಿನ ಅನೇಕ ಇಲಾಖೆಗಳಲ್ಲಿ ಸಾಮಾನ್ಯ. ಅಧಿಕಾರಿಗೂ ಸಂಚಾರಕ್ಕೂ ನಡುವೆ ಆಗ ಇಡೀ ಕಾರಿನ ಅಗಲ ಬರುತ್ತದೆ. ಚಾಲಕ ತನ್ನ ಕಿಟಕಿಯ ಕಡೆ ನೋಡುತ್ತ ಕಾಯುತ್ತಿರುವಾಗ ಅಧಿಕಾರಿ ಇನ್ನೊಂದು ಕಡೆಯಿಂದ ಬರುವುದರಿಂದ, ಒಳಗೆ ಏನಾಗುತ್ತಿದೆ ಎಂಬುದನ್ನು ನೋಡಲು ಒಂದೆರಡು ಕ್ಷಣವೂ ಸಿಗುತ್ತದೆ.

ಚಾಲಕನನ್ನು ಕಾರಿನಿಂದ ಇಳಿಸಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಂಬರ್ ಪ್ಲೇಟಿನ ಅವಧಿ ಮುಗಿದಿದೆ ಎಂದು ಫಿಲಡೆಲ್ಫಿಯಾದಲ್ಲಿ ಒಂದು ಕಾರನ್ನು ತಡೆದದ್ದರಿಂದ ಹುಟ್ಟಿದ ಪೆನ್ಸಿಲ್ವೇನಿಯಾ ವಿರುದ್ಧ ಮಿಮ್ಸ್ ಮೊಕದ್ದಮೆಯಲ್ಲಿ, ನ್ಯಾಯಸಮ್ಮತವಾಗಿ ತಡೆದ ವಾಹನದ ಚಾಲಕನಿಗೆ ಕೆಳಗಿಳಿ ಎಂದು ಹೇಳುವ ಅಧಿಕಾರ ಪೊಲೀಸರಿಗೆ ಇದೆ ಎಂದು 1977ರಲ್ಲಿ ನ್ಯಾಯಾಲಯ ಹೇಳಿತು. ಆಯುಧದ ಭಯದ ಜೊತೆಗೆ, ಚಾಲಕನ ಬದಿಯಲ್ಲಿ ನಿಂತ ಅಧಿಕಾರಿಗೆ ಹಾದುಹೋಗುವ ವಾಹನಗಳಿಂದ ಇರುವ ಅಪಾಯವನ್ನೂ ತೀರ್ಪು ಎಣಿಸಿತು. 1997ರ ಮೇರಿಲ್ಯಾಂಡ್ ವಿರುದ್ಧ ವಿಲ್ಸನ್ ತೀರ್ಪು ಈ ಅಧಿಕಾರವನ್ನು ಪ್ರಯಾಣಿಕರಿಗೂ ವಿಸ್ತರಿಸಿತು. 2015ರ ರಾಡ್ರಿಗೆಜ್ ತೀರ್ಪು ಇನ್ನೊಂದು ದಿಕ್ಕಿನದು: ತಡೆದ ಕಾರಣಕ್ಕೆ ಬೇಕಾದ ಕೆಲಸ ಮುಗಿದ ಮೇಲೆ, ಬೇರೆ ಅನುಮಾನಕ್ಕೆ ಆಧಾರವಿಲ್ಲದೆ, ವಾಹನವನ್ನು ಹಿಡಿದಿಡುವಂತಿಲ್ಲ. ಅದು ನಾಗರಿಕ ಹಕ್ಕಿನ ತೀರ್ಪು. ಆದರೆ ರಸ್ತೆಯಂಚಿನಲ್ಲಿ ನಿಲ್ಲುವ ಹೊತ್ತು ಕಡಿಮೆಯಾದಷ್ಟೂ ಎಲ್ಲರಿಗೂ ಕ್ಷೇಮ ಎಂಬುದಕ್ಕೆ ಅದರಿಂದ ಬಲ ಸಿಕ್ಕಿತು.

ಚಾಲಕರು ಮಾಡಬೇಕಾದದ್ದು ಕಡಿಮೆ. ಇಂಡಿಕೇಟರ್ ಹಾಕಿ ವೇಗ ಇಳಿಸುತ್ತ ಸುರಕ್ಷಿತ ಜಾಗಕ್ಕೆ ಬರಬೇಕು, ರಾತ್ರಿಯಾದರೆ ಒಳಗಿನ ದೀಪ ಹಚ್ಚಬೇಕು, ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಡಬೇಕು, ಹೇಳುವ ತನಕ ಕೆಳಗಿಳಿಯಬಾರದು. ಕೊನೆಯ ಮಾತು ಅಲ್ಲಿಗೆ ಹೋಗಿ ನೆಲೆಸುವ ಕನ್ನಡಿಗರಿಗೆ ಮುಖ್ಯ. ನಮ್ಮಲ್ಲಿ ಚಾಲಕ ತಾನೇ ಇಳಿದು ಕಾಗದಪತ್ರ ಹಿಡಿದು ಸಾಹೇಬರ ಬಳಿ ನಡೆದುಹೋಗುವುದು ಮರ್ಯಾದೆ. ಅಲ್ಲಿ ಅದನ್ನೇ ಮಾಡಿದರೆ ಅಧಿಕಾರಿ ಅದನ್ನು ಬೆದರಿಕೆ ಎಂದು ಭಾವಿಸಬಹುದು. ಓಡುವ ವಾಹನಗಳಿಗೆ ಸಿಲುಕುವ ಅಪಾಯ ಬೇರೆ.

‘ಮೂವ್ ಓವರ್’ ಕಾನೂನುಗಳು

1994ರ ಜನವರಿಯಲ್ಲಿ ಸೌತ್ ಕ್ಯಾರೊಲಿನಾದ ಲೆಕ್ಸಿಂಗ್ಟನ್‌ನಲ್ಲಿ ಅಪಘಾತದ ಸ್ಥಳದಲ್ಲಿ ನೆರವಾಗುತ್ತಿದ್ದ ಆಂಬುಲೆನ್ಸ್ ಸಿಬ್ಬಂದಿಯೊಬ್ಬರಿಗೆ ವಾಹನ ಬಡಿದು ಗಾಯವಾಯಿತು. ತಪ್ಪು ಅವರದೇ ಎಂದು ವರದಿಯಾಯಿತು. ಕರ್ತವ್ಯಕ್ಕಾಗಿ ರಸ್ತೆಯಲ್ಲಿ ನಿಂತವರಿಗೆ ಕಾನೂನಿನ ಆಸರೆಯೇ ಇರಲಿಲ್ಲ. ಅವರು ಪಟ್ಟುಹಿಡಿದು ನಡೆಸಿದ ಪ್ರಯತ್ನದಿಂದ 1996ರಲ್ಲಿ ಆ ರಾಜ್ಯದಲ್ಲಿ ‘ಮೂವ್ ಓವರ್’, ಅಂದರೆ ‘ಪಕ್ಕಕ್ಕೆ ಸರಿ’ ಎಂಬ ಕಾನೂನು ಬಂತು. ಮುಂದೆ ಒಂದೊಂದೇ ರಾಜ್ಯ ಸೇರಿ, 2012ರಲ್ಲಿ ಹವಾಯಿ ಕೂಡಿದಾಗ 50 ರಾಜ್ಯಗಳೂ ಪೂರ್ತಿಯಾದವು.

ಕಾನೂನಿನ ತಿರುಳು ಎರಡು ಮಾತು. ದೀಪ ಮಿನುಗಿಸುತ್ತ ನಿಂತ ತುರ್ತು ವಾಹನ ಕಂಡರೆ ಅದಕ್ಕೆ ತಾಗಿದ ಲೇನನ್ನು ಬಿಟ್ಟು ಪಕ್ಕದ ಲೇನಿಗೆ ಹೋಗಬೇಕು. ಹೋಗಲು ಆಗದಿದ್ದರೆ ವೇಗ ಇಳಿಸಬೇಕು. ಎಷ್ಟು ಇಳಿಸಬೇಕು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್ ಮತ್ತು ಫ್ಲಾರಿಡಾಗಳಲ್ಲಿ ಸಾಮಾನ್ಯವಾಗಿ ವೇಗಮಿತಿಗಿಂತ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಕಡಿಮೆ. ವರ್ಜೀನಿಯಾದಲ್ಲಿ ತುರ್ತು ವಾಹನಕ್ಕೆ ಸರಿದು ಜಾಗ ಬಿಡದಿರುವುದನ್ನು 2019ರಿಂದ ಅಜಾಗರೂಕ ಚಾಲನೆಯ ಅಪರಾಧವೆಂದೇ ಎಣಿಸುತ್ತಾರೆ. ಫ್ಲಾರಿಡಾ 2024ರ ಜನವರಿಯಿಂದ ಈ ರಕ್ಷಣೆಯನ್ನು ಕೆಟ್ಟು ನಿಂತ ಜನಸಾಮಾನ್ಯರ ವಾಹನಗಳಿಗೂ ಕೊಟ್ಟಿದೆ. ಪೊಲೀಸರಿಗೆ ತಗಲುವ ಅಪಾಯವೇ ಪಂಕ್ಚರಾದ ಟಯರು ಬಿಚ್ಚುತ್ತ ಕೂತವರಿಗೂ ತಗಲುವುದರಿಂದ ಇದು ನ್ಯಾಯವಾದ ಹೆಜ್ಜೆ.

ಇಲಿನಾಯ್ ರಾಜ್ಯದ ಕಾನೂನಿಗೆ ಸ್ಕಾಟ್ಸ್ ಲಾ ಎಂದು ಹೆಸರು. 2000ದ ಡಿಸೆಂಬರ್‌ನಲ್ಲಿ ಅಪಘಾತವೊಂದಕ್ಕೆ ನೆರವಾಗುತ್ತಿದ್ದಾಗ ಕಾರು ಬಡಿದು ಸತ್ತ ಶಿಕಾಗೊ ಅಗ್ನಿಶಾಮಕ ದಳದ ಅಧಿಕಾರಿ ಸ್ಕಾಟ್ ಗಿಲನ್ ಅವರ ನೆನಪಿಗೆ ಇಟ್ಟದ್ದು. ಕಾನೂನು ಇದ್ದರೂ 2019ರ ಮಾರ್ಚ್ ಕೊನೆಯಲ್ಲಿ, ರಸ್ತೆಬದಿಯಲ್ಲಿ ಲಾರಿಯೊಂದನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದ ಅಲ್ಲಿನ ಮಹಿಳಾ ಅಧಿಕಾರಿಯೊಬ್ಬರು ಇನ್ನೊಂದು ಲಾರಿ ನುಗ್ಗಿ ಸತ್ತರು. ಅದೇ ವರ್ಷದ ಜನವರಿಯಲ್ಲೂ ಇಂಥದೇ ಸಾವು ಆಗಿತ್ತು. ಆ ಬಳಿಕ ಮೊದಲ ತಪ್ಪಿಗೆ ಕನಿಷ್ಠ 250 ಡಾಲರ್, ಮರುತಪ್ಪಿಗೆ 750 ಡಾಲರ್ ಎಂದು ದಂಡ ಏರಿತು.

ದಂಡ ಏರಿಸುವುದರಿಂದ ಮಾತ್ರ ಕೆಲಸ ಆಗದು. ಲೇನ್ ಬಿಡದ ಚಾಲಕನನ್ನು ಹಿಡಿಯಲು ಇನ್ನೊಂದು ಗಸ್ತು ವಾಹನ ಬೇಕು, ಅದೂ ಮುಂದೆ ಹೋಗಿ ರಸ್ತೆಯಂಚಿನಲ್ಲೇ ನಿಲ್ಲಬೇಕು. ನಿಯಮ ಇದೆ ಎಂಬುದೇ ಅನೇಕ ಚಾಲಕರಿಗೆ ತಿಳಿಯದು.

ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ಲೇನಿಗಿಂತ ವೇಗಕ್ಕೆ ಒತ್ತು ಕೊಟ್ಟಿವೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ದೀಪ ಮಿನುಗಿಸುತ್ತ ನಿಂತ ತುರ್ತು ವಾಹನವನ್ನು ದಾಟುವಾಗ ಮಿತಿ 25 ಕಿ.ಮೀ., ವಿಕ್ಟೋರಿಯಾದಲ್ಲಿ 40. ನ್ಯೂ ಸೌತ್ ವೇಲ್ಸ್ 2018ರಲ್ಲಿ 40 ಕಿ.ಮೀ. ನಿಯಮ ತಂದು, ಹೆದ್ದಾರಿಯಲ್ಲಿ ದಿಢೀರನೆ ಅಷ್ಟು ಇಳಿಸಿದರೆ ಹಿಂದಿನವರು ಬಂದು ಗುದ್ದುತ್ತಾರೆ ಎಂಬ ಆತಂಕ ಕೇಳಿಬಂದ ಮೇಲೆ, 2019ರಲ್ಲಿ ಅತಿವೇಗದ ರಸ್ತೆಗಳಿಗೆ ನಿಯಮವನ್ನು ಸಡಿಲಿಸಿತು. ಹಾದುಹೋಗುವವರ ಕ್ಷೇಮವೂ ಲೆಕ್ಕದಲ್ಲಿರಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ದೀಪ, ಬಟ್ಟೆ, ವಾಹನ

ದೀಪ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದು ಸಾಮಾನ್ಯ ನಂಬಿಕೆ. ಹಗಲಿಗೆ ಅದು ಬಹುಮಟ್ಟಿಗೆ ನಿಜ. ರಾತ್ರಿ ಅದೇ ದೀಪ ಎದುರಿನವರ ಕಣ್ಣು ಕುಕ್ಕಿಸುತ್ತದೆ. ದೀಪದ ಮುಂದೆ ನಡೆಯುವ ಮನುಷ್ಯ ಕಾಣದೇ ಹೋಗುತ್ತಾನೆ. ಅಮೆರಿಕದ ಸಂಚಾರ ನಿಯಂತ್ರಣ ಸಾಧನಗಳ ಕೈಪಿಡಿಯ 2009ರ ಆವೃತ್ತಿ, ಸ್ಥಳ ಹತೋಟಿಗೆ ಬಂದ ಮೇಲೆ ತುರ್ತು ದೀಪಗಳ ಬಳಕೆಯನ್ನು ಆದಷ್ಟು ಕಡಿಮೆ ಮಾಡಿ ಎಂದೇ ಹೇಳುತ್ತದೆ. ಕೇಂದ್ರ ಸರ್ಕಾರದ ಹಣ ಪಡೆದ ಹೆದ್ದಾರಿಗಳಲ್ಲಿ ಕೆಲಸ ಮಾಡುವವರು ಎದ್ದುಕಾಣುವ ಮೇಲಂಗಿ ತೊಡಬೇಕೆಂಬ ನಿಯಮ 2008ರ ನವೆಂಬರ್‌ನಲ್ಲಿ ಜಾರಿಗೆ ಬಂತು.

ನಿಂತ ಗಸ್ತು ವಾಹನವೇ ಪ್ರಾಣಕ್ಕೆ ಎರವಾದ ಉದಾಹರಣೆ ಫೋರ್ಡ್ ಕ್ರೌನ್ ವಿಕ್ಟೋರಿಯಾ. ಅದರ ಇಂಧನ ಟ್ಯಾಂಕ್ ಹಿಂದಿನ ಆಕ್ಸಲಿನ ಹಿಂದೆ ಇತ್ತು. ರಸ್ತೆಯಂಚಿನಲ್ಲಿ ನಿಂತಿದ್ದಾಗ ಹಿಂದಿನಿಂದ ಅತಿವೇಗದ ಡಿಕ್ಕಿಯಾಗಿ ಬೆಂಕಿ ಹತ್ತಿ ಹಲವು ಅಧಿಕಾರಿಗಳು ಸತ್ತರು. ವಿನ್ಯಾಸದಲ್ಲಿ ದೋಷ ಸಿದ್ಧವಾಗಲಿಲ್ಲ ಎಂದು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2002ರಲ್ಲಿ ತನಿಖೆ ಮುಗಿಸಿತು. ಆದರೂ ಕಂಪನಿ ಟ್ಯಾಂಕಿಗೆ ರಕ್ಷಾಕವಚ ಒದಗಿಸಿತು, 2005ರ ಮಾದರಿಯಿಂದ ಬೆಂಕಿ ನಂದಿಸುವ ಸಾಧನವನ್ನೂ ಕೊಡತೊಡಗಿತು.

ಕರ್ನಾಟಕದಲ್ಲಿ

ಇಲ್ಲಿ ತಪಾಸಣೆಯ ಚಿತ್ರವೇ ಬೇರೆ. ಹಿಂಬಾಲಿಸಿ ನಿಲ್ಲಿಸುವುದು ಅಪರೂಪ. ವೃತ್ತದ ಬಳಿಯೋ ಹೆದ್ದಾರಿಯ ಪಕ್ಕದಲ್ಲೋ ನಿಂತ ಕಾನ್‌ಸ್ಟೆಬಲ್ ಇಲ್ಲವೇ ಎಎಸ್‌ಐ ಕೈ ಅಡ್ಡ ಹಿಡಿಯುತ್ತಾರೆ, ಅವರ ಮುಂದೆ ವಾಹನದ ಮರೆಯೂ ಇರುವುದಿಲ್ಲ. ತಡೆಯುವುದು ಹೆಚ್ಚಾಗಿ ದ್ವಿಚಕ್ರ ವಾಹನಗಳನ್ನು. ಎರಡು ಚಕ್ರದ ಮೇಲೆ ಇಬ್ಬರು ಮೂವರು ಕೂತಿರುವಾಗ ಹಠಾತ್ ಬ್ರೇಕ್ ಹಾಕಿಸಿದರೆ, ಹ್ಯಾಂಡಲ್ ಹಿಡಿದೆಳೆದರೆ ಅವರು ಬೀಳುವುದು ಹಿಂದಿನ ವಾಹನದ ಚಕ್ರದ ದಾರಿಗೆ.

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಆದದ್ದು ಅದೇ. ನಾಯಿ ಕಚ್ಚಿದ ಪುಟ್ಟ ಮಗಳನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಸಂಚಾರ ಪೊಲೀಸರು ತಡೆದಾಗ ಮಗು ರಸ್ತೆಗೆ ಬಿದ್ದು, ವಾಹನದಡಿ ಸಿಲುಕಿ ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಬೆನ್ನಿಗೆ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಅವರ ಕಚೇರಿ ರಾಜ್ಯಕ್ಕೆಲ್ಲ ಮಾರ್ಗಸೂಚಿ ಹೊರಡಿಸಿತು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದೇ ವಾಹನ ತಡೆಯಬಾರದು. ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು. ನಿಲ್ಲದೆ ಹೋದವರನ್ನು ಅಟ್ಟಿಸಿಕೊಂಡು ಹೋಗದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು. ಹೆದ್ದಾರಿಯಲ್ಲಿ ಅಂಕುಡೊಂಕು ಬ್ಯಾರಿಕೇಡ್ ಇಟ್ಟು ವೇಗದ ವಾಹನಗಳನ್ನು ತಡೆಯಬಾರದು. ಸಿಬ್ಬಂದಿ ರಿಫ್ಲೆಕ್ಟಿವ್ ಜಾಕೆಟ್ ಮತ್ತು ಬಾಡಿ ಕ್ಯಾಮೆರಾ ತೊಟ್ಟಿರಬೇಕು. ಇವು ಅದರ ಮುಖ್ಯ ಅಂಶಗಳು. ಬರಿಯ ದಾಖಲೆಗಾಗಿ ತಡೆಯಬಾರದೆಂಬ ಮಾತನ್ನು 2022ರಲ್ಲಿ ಆಗಿನ ಮಹಾನಿರ್ದೇಶಕ ಪ್ರವೀಣ್ ಸೂದ್ ಸಾರ್ವಜನಿಕವಾಗಿ ಹೇಳಿದ್ದರು. ಹೇಳಿದ್ದನ್ನು ಮೂರು ವರ್ಷದ ಬಳಿಕ ಮತ್ತೆ ಬರೆಯಬೇಕಾಗಿ ಬಂದದ್ದು, ಅದೂ ಮಗುವೊಂದು ಸತ್ತ ಮೇಲೆ, ನೋವಿನ ಸಂಗತಿ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಇ ಕಲಂ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡದವರಿಗೆ ಆರು ತಿಂಗಳ ತನಕ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಅದು ಹೇಳುವುದು ಸಮೀಪಿಸಿ ಬರುವ ವಾಹನದ ವಿಷಯ. ನಿಂತ ಗಸ್ತು ವಾಹನವನ್ನು ದಾಟುವವರ ಹೊಣೆಯನ್ನು ಅದು ಮುಟ್ಟುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಂಥ, 100 ಕಿ.ಮೀ. ಮಿತಿಯ ರಸ್ತೆಗಳು ಬಂದ ಮೇಲೆ ಆ ಕೊರತೆ ದೊಡ್ಡದಾಗಿದೆ.

ತಡೆಯುವುದನ್ನೇ ಕಡಿಮೆ ಮಾಡುವುದು ಇನ್ನೊಂದು ದಾರಿ. ಫಿಲಡೆಲ್ಫಿಯಾ ನಗರ 2021ರಲ್ಲಿ ಅಂಗೀಕರಿಸಿದ ಕಾನೂನು ಎಂಟು ಬಗೆಯ ಸಣ್ಣ ತಪ್ಪುಗಳಿಗಷ್ಟೇ ವಾಹನ ನಿಲ್ಲಿಸುವುದನ್ನು ಕೈಬಿಟ್ಟಿತು. ಅದರ ಉದ್ದೇಶ ಜನಾಂಗೀಯ ತಾರತಮ್ಯ ತಗ್ಗಿಸುವುದು. ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮ ಕ್ಯಾಮೆರಾ ಸಾಕ್ಷ್ಯದ ಮೇಲೆ ಚಲನ್ ಕಳಿಸಲು ಚೌಕಟ್ಟು ಒದಗಿಸಿದೆ. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಎಂದು ಆ ನಿಯಮ ಹೇಳಿತ್ತು. ಹೆಲ್ಮೆಟ್, ಸೀಟ್ ಬೆಲ್ಟ್, ವೇಗ, ಕೆಂಪು ದೀಪ ಇವಿಷ್ಟಕ್ಕೂ ಕ್ಯಾಮೆರಾ ಸಾಕು. ಕುಡಿದು ಓಡಿಸುವವರನ್ನು ಮಾತ್ರ ಕ್ಯಾಮೆರಾ ಹಿಡಿಯಲಾರದು. ಅದಕ್ಕೆ ವಾಹನ ನಿಲ್ಲಿಸಿ, ಚಾಲಕನ ಬಾಯಿಗೆ ಉಸಿರು ಪರೀಕ್ಷೆಯ ಯಂತ್ರ ಹಿಡಿಯಲೇಬೇಕು, ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಆ ತಪಾಸಣೆಗೆ ಟೋಲ್ ಪ್ಲಾಜಾ, ಲಾರಿ ನಿಲುಗಡೆಯ ಜಾಗ, ಸರ್ವೀಸ್ ರಸ್ತೆಗಳಂಥ, ವೇಗ ಮೊದಲೇ ಇಳಿದಿರುವ ಮತ್ತು ಬೆಳಕಿರುವ ಕಡೆಗಳನ್ನು ಗೊತ್ತುಮಾಡುವುದು ರಸ್ತೆ ಕಟ್ಟುವವರೂ ಪೊಲೀಸರೂ ಸೇರಿ ನಕ್ಷೆಯ ಹಂತದಲ್ಲೇ ಮಾಡಬೇಕಾದ ಕೆಲಸ.